ಒಂದು ಕುರ್ಚಿಯ ಕಂಪ್ಯೂಟರ್

೩ ಫೆಬ್ರವರಿ ೧೯೯೭, ಸೋಮವಾರ

ಕೊನೆಗೂ ನಮ್ಮ ಮಿಲ್ಲಿಗೆ ಕಂಪ್ಯೂಟರ್ ಬಂತು. ಬೆಂಗಳೂರಿನ ಹೆಡ್ ಆಫೀಸಿನಿಂದ ಟೆಂಪೋದಲ್ಲಿ, ಕಂಬಳಿ ಹೊದಿಸಿಕೊಂಡು, ಬಾಣಂತಿಯನ್ನು ಕರೆತಂದ ಹಾಗೆ ಮೆಲ್ಲಗೆ ಬಂತು. ಲೋಕಕ್ಕೆಲ್ಲ ಬಂದು ಹಳೆಯದಾದ ಮೇಲೆ ಬಾಶೆಟ್ಟಿಹಳ್ಳಿಗೆ ಬಂದಿದೆ, ಇರಲಿ. ಅದರ ಜೊತೆಗೆ ಅರ್ಪಿತ ಅಂತ ಒಬ್ಬ ಹುಡುಗಿಯೂ ಬಂದಿದ್ದಾಳೆ. ಚೂಡಿದಾರ್, ಗಿಡ್ಡ ಕೂದಲು, ಮಾತಿಗೆ ಮುಂಚೆ ನಗು. ಇಂಥವರನ್ನು ಕಂಡರೆ ನನಗೆ ಮೊದಲ ದಿನ ಆಗುವುದಿಲ್ಲ, ಎರಡನೆಯ ದಿನ ಆಗುತ್ತದೆ. ನಾಳೆ ನೋಡೋಣ.

ವಿಷಯ ಏನೆಂದರೆ, ಏಪ್ರಿಲ್ ಒಂದರಿಂದ ಮಿಲ್ಲಿನ ಪ್ರತಿಯೊಬ್ಬ ನೌಕರನಿಗೂ ವರ್ಷದ ಗುರಿ ಅಂತ ಒಂದು ಇರಬೇಕಂತೆ. ಯಾರು ಎಷ್ಟು ಕೆಲಸ ಮಾಡಬೇಕು, ಎಷ್ಟು ಮಾಡಿದರು, ಎಲ್ಲವನ್ನೂ ಕಂಪ್ಯೂಟರ್ ಇಟ್ಟುಕೊಳ್ಳುತ್ತದಂತೆ. ಇನ್ನೂರು ಚಿಲ್ಲರೆ ಜನರದ್ದನ್ನು ಒಬ್ಬೊಬ್ಬರದಾಗಿ ಹಾಕುತ್ತಾ ಕೂತರೆ ಯುಗಾದಿ ದಾಟುತ್ತದೆ. ಅದಕ್ಕೆ ಎಲ್ಲರದ್ದನ್ನೂ ಸಾಲು ಸಾಲಾಗಿ ಟೈಪ್ ಮಾಡಿಟ್ಟು, ಒಂದೇ ಸಲಕ್ಕೆ ಪ್ರೋಗ್ರಾಮಿನ ಹೊಟ್ಟೆಗೆ ಹಾಕಬೇಕು. ಇದಕ್ಕೆ ಇಂಪೋರ್ಟ್ ಅನ್ನುತ್ತಾರೆ.

ಮ್ಯಾನೇಜರ್ ವೆಂಕಟರಾಯಪ್ಪನವರು ನನ್ನನ್ನೂ ಪಿಳ್ಳಣ್ಣನನ್ನೂ ಕ್ಯಾಬಿನ್ನಿಗೆ ಕರೆದರು. ನಾನು ಟೈಪಿಸ್ಟು. ಪಿಳ್ಳಣ್ಣ ಟೈಂ ಆಫೀಸಿನ ಗುಮಾಸ್ತ; ಗೇಟಿನ ಪಕ್ಕದ ಕಿಟಕಿಯಲ್ಲಿ ಕೂತು ಯಾರು ಹೊತ್ತಿಗೆ ಸರಿಯಾಗಿ ಬಂದರು, ಯಾರು ತಡ ಮಾಡಿದರು ಅಂತ ಬರೆದುಕೊಳ್ಳುವವನು.

“ನೋಡಿ, ಏಪ್ರಿಲ್ ಆದ್ಮೇಲೆ ಹಾಜರೀನೂ ಇದರಲ್ಲೇ, ಕಾಗದ ಪತ್ರಾನೂ ಇದರಲ್ಲೇ. ಕಂಪ್ಯೂಟರ್ ಒಂದು, ಕುರ್ಚಿ ಒಂದು. ಇಬ್ಬರಲ್ಲಿ ಒಬ್ಬರು ಇಲ್ಲಿರ್ತೀರಿ, ಇನ್ನೊಬ್ರು ಹೊಸಕೋಟೆ ಗೋಡೌನಿಗೆ ಹೋಗ್ತೀರಿ. ಈ ಗುರಿ ಕೆಲಸ ಮುಗೀಲಿ, ಆಮೇಲೆ ಹೇಳ್ತೀನಿ. ನಾನೇನೂ ಮುಲಾಜು ನೋಡೋನಲ್ಲ” ಅಂದರು.

ಹೊಸಕೋಟೆ! ದೊಡ್ಡಬಳ್ಳಾಪುರದಿಂದ ಹೊರಟು ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ, ಅಲ್ಲಿ ನಿಂತು ಕಾದು... ಕೋಳಿ ಕೂಗುವ ಮುಂಚೆ ಮನೆ ಬಿಟ್ಟರೆ ಮಗಳು ಮಲಗಿದ ಮೇಲೆ ವಾಪಸ್ಸು. ಮೇಘನ ಈ ವರ್ಷ ಎಸ್ಸೆಸ್ಸೆಲ್ಸಿ. ನನ್ನ ಕೈಲಾಗದು. ಪಿಳ್ಳಣ್ಣನೇ ಹೋಗಲಿ. ರಾಜಘಟ್ಟದಿಂದ ದಿನಾ ಸೈಕಲ್ ತುಳಿದು ಅಭ್ಯಾಸವಿರುವ ಮನುಷ್ಯ, ಇನ್ನೊಂದಿಷ್ಟು ತುಳಿಯಲಿ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಬಸ್ಸು ಕೆಟ್ಟು ತಡವಾದದ್ದಕ್ಕೆ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೀಟು ಹಾಕಿದ ಮಹಾನುಭಾವ ಅವನು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

೪ ಫೆಬ್ರವರಿ, ಮಂಗಳವಾರ

ಅರ್ಪಿತ ಪರವಾಗಿಲ್ಲ. ನಾನು ಕೈ ನೋಡದೆ ಟೈಪ್ ಮಾಡುವುದನ್ನು ಕಂಡು, “ಅಬ್ಬಾ, ಎಷ್ಟು ಸ್ಪೀಡ್ ಮೇಡಂ ನೀವು!” ಅಂದಳು. ಬುದ್ಧಿವಂತ ಹುಡುಗಿ.

ಆದರೆ ಅವಳೊಂದು ಕೆಲಸ ಮಾಡಿದಳು. ಕೆಲಸಗಾರರ ವಿವರವೆಲ್ಲ ಇರುವುದು ಪಿಳ್ಳಣ್ಣನ ಹತ್ತಿರ. ಪ್ರೋಗ್ರಾಮಿಗೆ ಕನ್ನಡ ಬಾರದು, ಪಿಳ್ಳಣ್ಣನಿಗೆ ಟೈಪಿಂಗ್ ಬಾರದು. ಅದಕ್ಕೆ ಅವನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಓದುವುದು, ನಾನು ಇಂಗ್ಲಿಷಿನಲ್ಲಿ ಹೊಡೆಯುವುದು ಅಂತ ಗೊತ್ತು ಮಾಡಿದಳು. ಕುರ್ಚಿ ನನಗೆ, ಅವನಿಗೆ ಸ್ಟೂಲು. ಅಷ್ಟು ನ್ಯಾಯ ಸಿಕ್ಕಿತು.

ಅವನ ನಸ್ಯದ ವಾಸನೆ ತಡೆಯಲಾಗುವುದಿಲ್ಲ. ಓದುವುದೋ, ಅದೊಂದು ಹರಿಕಥೆ. “ಟೋಕನ್ ನಂಬರ್ ಸೊನ್ನೆ ಸೊನ್ನೆ ಏಳು, ಮುತ್ತಮ್ಮ, ಪಾಪ ಒಳ್ಳೆ ಹೆಂಗ್ಸು” ಅಂತ ಓದುತ್ತಾನೆ. “ಒಳ್ಳೇದು ಕೆಟ್ಟದ್ದು ಬೇಡ ಪಿಳ್ಳಣ್ಣನೋರೇ, ನಂಬರ್ ಓದಿ ಸಾಕು” ಅಂದೆ.

“ಹೂಂ ಕಣಮ್ಮ. ಸೊನ್ನೆ ಸೊನ್ನೆ ಎಂಟು, ಅಕ್ಕಯಮ್ಮ. ಇವಳಿಗೆ ಸ್ವಲ್ಪ ಬಾಯಿ ಜಾಸ್ತಿ.”

ದೇವರೇ, ಇನ್ನೂ ಇನ್ನೂರು ಜನ ಇದ್ದಾರೆ.

೧೦ ಫೆಬ್ರವರಿ, ಸೋಮವಾರ

ಇವತ್ತು ಮಷೀನು ಹಾಲಿಗೆ ಇಳಿದೆವು. ದೇವನಹಳ್ಳಿ ಹತ್ತಿರದ ವಿಜಯಪುರದ ಕಡೆಯಿಂದ ಬರುವ ರೇಷ್ಮೆ ನೂಲಿಗೆ ನಮ್ಮಲ್ಲಿ ಹುರಿ ಹಾಕುವುದು. ಒಂದೊಂದು ಮಷೀನಿಗೆ ಇಬ್ಬಿಬ್ಬರು ಹೆಂಗಸರು. ಒಬ್ಬಳು ಎಳೆ ಕಡಿದಲ್ಲಿ ಗಂಟು ಹಾಕುತ್ತಾಳೆ, ಇನ್ನೊಬ್ಬಳು ಬಾಬಿನ್ ಏರಿಸಿ, ತುಂಬಿದ್ದನ್ನು ಇಳಿಸುತ್ತಾಳೆ. ಒಬ್ಬೊಬ್ಬರೂ ದಿನಕ್ಕೆ ಎಷ್ಟು ಮಾಡುತ್ತಾರೆ ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಅದರ ಮೇಲೆ ವರ್ಷದ ಗುರಿ. ಹೆಡ್ ಆಫೀಸಿನ ಅಪ್ಪಣೆ.

ನಾನು ಈ ಹಾಲಿಗೆ ಬರುವುದು ಕಡಿಮೆ. ಆಫೀಸಿನವರು ಆಫೀಸಿನಲ್ಲಿರಬೇಕು ಅನ್ನುವುದು ನನ್ನ ಪದ್ಧತಿ. ಮನೆಯಲ್ಲಿ ಎರಡು ಮಗ್ಗದ ಸದ್ದು ಸಾಲದೇ?

ಮುತ್ತಮ್ಮನನ್ನು ಕೇಳಿದೆ. “ದಿನಕ್ಕೆ ನಾಲ್ಕು ಕೆ.ಜಿ. ಆಯ್ತದೆ ಕಣವ್ವ” ಅಂದಳು. ಅವಳ ಜೋಡಿ ಅಕ್ಕಯಮ್ಮನನ್ನು ಕೇಳಿದೆ. “ನಾಲ್ಕು ಕೆ.ಜಿ. ಬರ್ಕೊಳಿ” ಅಂದಳು. ಬರೆದುಕೊಂಡೆ. ಸಾಲಿನುದ್ದಕ್ಕೂ ಹೀಗೇ ನಡೆಯಿತು. ಯಾರೂ ಸುಳ್ಳು ಹೇಳುತ್ತಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪಿಳ್ಳಣ್ಣ ಮಾತ್ರ ಪ್ರತಿಯೊಂದು ಮಷೀನಿನ ಹತ್ತಿರವೂ ನಿಂತು ಮನೆ ಕಡೆ ವಿಚಾರ ಕೇಳಿಕೊಂಡು ಬಂದ. ಅವನ ಎಮ್ಮೆಯ ವಿಷಯವೂ ಬಂತು. ಅದು ಅವನೊಬ್ಬನಿಗೇ ಹಾಲು ಕೊಡುವುದಂತೆ, ಹೆಂಡತಿ ಹತ್ತಿರ ಹೋದರೆ ಒದೆಯುತ್ತದಂತೆ. ಎಮ್ಮೆಗೂ ಒಂದೊಂದು ರುಚಿ.

೧೩ ಫೆಬ್ರವರಿ, ಗುರುವಾರ

ಎಲ್ಲ ಸಾಲೂ ಹೊಡೆದು ಮುಗಿಸಿ ಇಂಪೋರ್ಟ್ ಒತ್ತಿದೆ. ಒಳಗೆ ಸ್ವಲ್ಪ ಹೊತ್ತು ಗರಗರ ಅಂದು ಎಲ್ಲವನ್ನೂ ವಾಪಸ್ಸು ಉಗುಳಿತು. ಇಂಥ ನೌಕರರು ಇಲ್ಲವೇ ಇಲ್ಲ ಅಂದುಬಿಟ್ಟಿತು!

ಅರ್ಪಿತ ನೋಡಿ, ಟೋಕನ್ ನಂಬರಿನ ಮುಂದಿದ್ದ ಸೊನ್ನೆಗಳನ್ನು ಕಂಪ್ಯೂಟರ್ ತಾನಾಗಿಯೇ ಕಿತ್ತು ಹಾಕಿದೆ, ಸೊನ್ನೆ ಸೊನ್ನೆ ಏಳು ಇದ್ದದ್ದು ಬರೀ ಏಳಾಗಿದೆ, ಅದಕ್ಕೆ ಗುರುತು ಸಿಕ್ಕಿಲ್ಲ ಅಂದಳು.

ಪಿಳ್ಳಣ್ಣನಿಗೆ ಬಂತು ನೋಡಿ ಸಿಟ್ಟು. “ಏನಮ್ಮ ಇದು ಅನ್ಯಾಯ! ಮುತ್ತಮ್ಮ ಬೆಳಗ್ಗೆ ತಾನೇ ನನ್ನ ಕೈಯಿಂದ ಟೋಕನ್ ಇಸ್ಕೊಂಡು ಒಳಗೆ ಹೋಗವ್ಳೆ. ಎರಡು ಸೊನ್ನೆ ಇಲ್ದೆ ಹೋದ್ರೆ ಮನುಷ್ಯರೇ ಇಲ್ಲ ಅಂದ್ಬಿಡೋದಾ?” ಅಂತ ಕಂಪ್ಯೂಟರಿಗೇ ಕೇಳಿದ. ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಹಲ್ಲು ಸಾಲಾಗಿ ಚೆನ್ನಾಗಿವೆ, ಇಷ್ಟು ವರ್ಷ ನೋಡಿರಲಿಲ್ಲ.

೧೪ ಫೆಬ್ರವರಿ, ಶುಕ್ರವಾರ

ಸೊನ್ನೆಗಳನ್ನೆಲ್ಲ ಮತ್ತೆ ಹಾಕಿದೆವು. ನಡುವೆ ಮೂರು ಸಲ ಕರೆಂಟ್ ಹೋಯಿತು. ಕೊನೆಗೆ ನುಂಗಿತು! ಫ್ಲಾಪಿಯಲ್ಲಿ ತುಂಬಿಸಿ ಹೆಡ್ ಆಫೀಸಿಗೆ ಕಳಿಸಿದ್ದಾಯಿತು. ಅರ್ಪಿತ ಮೇಡಂ ಕ್ಯಾಂಟೀನಿನಿಂದ ಮೆಣಸಿನಕಾಯಿ ಬಜ್ಜಿ ತರಿಸಿದರು. ಇನ್ನು ಕುರ್ಚಿ ನನ್ನದೇ. ಹೊಡೆದವಳು ನಾನಲ್ಲವೇ?

೨೦ ಫೆಬ್ರವರಿ, ಗುರುವಾರ

ಬೆಳಿಗ್ಗೆ ವೆಂಕಟರಾಯಪ್ಪನವರ ಮುಖ ಹುಣ್ಣಿಮೆ ಚಂದ್ರ. ಹೆಡ್ ಆಫೀಸಿನ ದೊಡ್ಡ ಸಾಹೇಬರೇ ಫೋನ್ ಮಾಡಿದ್ದರಂತೆ. “ನಿಮ್ಮ ಮಿಲ್ಲು ಮುಂದಿನ ವರ್ಷ ಈಗಿನ ಎರಡರಷ್ಟು ನೂಲು ಮಾಡ್ತೀವಿ ಅಂತ ಒಪ್ಪಿಕೊಂಡಿದೆಯಲ್ಲ, ಭೇಷ್” ಅಂದರಂತೆ. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ತಾವೇ ಕೂತು ಲೆಕ್ಕ ಹಾಕಿದ್ದಾರೆ. ಮಿಲ್ಲಿನಲ್ಲಿರುವ ಎಲ್ಲ ಮಷೀನನ್ನೂ ಹಗಲೂ ರಾತ್ರಿ ಓಡಿಸಿದರೂ ಅಷ್ಟು ನೂಲು ಬರುವುದಿಲ್ಲ. ಚಂದ್ರನಿಗೆ ಗ್ರಹಣ ಹಿಡಿಯಿತು.

“ಯಾರ್ರೀ ಇದು ಮಾಡಿದ್ದು?” ಅಂತ ಕೂಗಿದರು.

“ಇವರು ಓದಿದ್ದನ್ನ ನಾನು ಹೊಡೆದೆ ಸಾರ್” ಅಂದೆ.

“ಆಯಮ್ಮ ಬರ್ಕೊಂಡಿದ್ದನ್ನ ನಾನು ಓದ್ದೆ ಸಾರ್” ಅಂದ ಪಿಳ್ಳಣ್ಣ.

“ಇಬ್ಬರಲ್ಲಿ ಯಾರದ್ದು ತಪ್ಪು ಅಂತ ಗೊತ್ತಾದ ದಿನ ಅವರು ಹೊಸಕೋಟೆ ಬಸ್ ಹತ್ತೋದೇ” ಅಂದರು. ಪಿಳ್ಳಣ್ಣ ಎಷ್ಟು ಸಲೀಸಾಗಿ ನನ್ನ ಮೇಲೆ ಹಾಕಿದ! ನಾನೇ ಮೊದಲು ಹಾಕಿದ್ದು, ನಿಜ. ಆದರೂ.

೨೧ ಫೆಬ್ರವರಿ, ಶುಕ್ರವಾರ

ಉತ್ತರ ನಮ್ಮ ಮನೆಯಲ್ಲೇ ಇತ್ತು ಅಂದರೆ ಯಾರು ನಂಬುತ್ತಾರೆ!

ಸಂಜೆ ಸೀರೆ ಅಂಗಡಿಯ ಯೋಗಾನಂದ ಬಂದಿದ್ದ. ನಮ್ಮನೆಯವರು ಮಗ್ಗದ ಮುಂದೆ ಎಣ್ಣೆ ಬಿಡುತ್ತಿದ್ದರು. “ಮುನಿಸ್ವಾಮಣ್ಣ, ಈ ವಾರ ಎಷ್ಟು ಸೀರೆ ನೇಯ್ದೆ?” ಅಂತ ಕೇಳಿದ. “ನಾಲ್ಕು ಕಣಪ್ಪ” ಅಂದರು. ನೀರು ಕುಡಿಯಲು ಅಡಿಗೆಮನೆ ಬಾಗಿಲಿಗೆ ಬಂದವನು ನಮ್ಮ ಅತ್ತೆಯನ್ನು ಮಾತಿಗೆಳೆದು, “ಏನ್ ನಾರಾಯಣಮ್ಮ, ಎಷ್ಟು ನೇಯ್ದೆ ಈ ವಾರ?” ಅಂದ. ಅತ್ತೆ, “ನಾಲ್ಕು ನೇಯ್ದೆ ಕಣೋ, ಸೊಂಟ ಬಿದ್ದೋಯ್ತು” ಅಂದರು. ಯೋಗಾನಂದ ನಾಲ್ಕು ಸೀರೆ ಮಡಿಚಿಕೊಂಡು ಹೋದ. ಎಂಟು ಎಲ್ಲಿ ಅಂತ ಕೇಳಲಿಲ್ಲ. ಯಾಕೆ ಕೇಳುತ್ತಾನೆ? ಅವನೂ ನಮ್ಮವನೇ. ತಾಯಿ ಮಗ ಸೇರಿ ನೇಯ್ದ ನಾಲ್ಕು ಸೀರೆ, ತಾಯಿಯನ್ನು ಕೇಳಿದರೂ ನಾಲ್ಕು, ಮಗನನ್ನು ಕೇಳಿದರೂ ನಾಲ್ಕು. ಅರ್ಧ ಸೀರೆ ನೇಯ್ದೆ ಅಂತ ಯಾರಾದರೂ ಹೇಳುತ್ತಾರೆಯೇ?

ನನಗೆ ತಲೆ ಮೇಲೆ ನೀರು ಸುರಿದ ಹಾಗಾಯಿತು. ಮುತ್ತಮ್ಮನ ನಾಲ್ಕು ಕೆ.ಜಿ.ಯೂ ಅಕ್ಕಯಮ್ಮನ ನಾಲ್ಕು ಕೆ.ಜಿ.ಯೂ ಒಂದೇ ನಾಲ್ಕು ಕೆ.ಜಿ! ಮಗ್ಗದ ಮನೆಯಲ್ಲಿ ಹುಟ್ಟಿ, ಮಗ್ಗದ ಮನೆಗೇ ಸೊಸೆಯಾಗಿ ಬಂದ ನನಗೆ ಅದು ಹೊಳೆಯಲಿಲ್ಲವಲ್ಲ. ಹೊಳೆಯದೆ ಇದ್ದದ್ದೇ ಅದಕ್ಕೆ. ಅವರು ಹೇಳಿದ್ದು ನನ್ನ ಕಿವಿಗೆ ಸರಿಯಾಗಿಯೇ ಕೇಳಿಸಿತ್ತು. ಒಬ್ಬಳೇ ಗಟ್ಟಿಯಾಗಿ ನಕ್ಕೆ. ಅತ್ತೆ ಇಣುಕಿ ನೋಡಿ, “ಏನಾಯ್ತೇ ಇವಳಿಗೆ?” ಅಂದರು.

೨೨ ಫೆಬ್ರವರಿ, ಶನಿವಾರ

ಪಿಳ್ಳಣ್ಣನಿಗೆ ಹೇಳಿದೆ. ಹಣೆ ಚಚ್ಚಿಕೊಂಡ. “ಅಯ್ಯೋ ಶಿವನೇ, ನಮ್ಮಲ್ಲೂ ಹಂಗೇ ಅಲ್ವೇನಮ್ಮ! ನಾನು ಮೂರು ಎಕರೆ ಉತ್ತೆ ಅಂತೀನಿ, ನಮ್ಮಣ್ಣ ಮೂರು ಎಕರೆ ಉತ್ತೆ ಅಂತಾನೆ. ಹೊಲ ಇರೋದೇ ಮೂರೆಕರೆ!”

ಮ್ಯಾನೇಜರ್ ಹತ್ತಿರ ಇಬ್ಬರೂ ಸೇರಿಯೇ ಹೋದೆವು. ನಾನು ಹೇಳಿದೆ, ಪಿಳ್ಳಣ್ಣ ತಲೆಯಾಡಿಸಿದ. ಅಪ್ಪಟ ಒಕ್ಕಲಿನ ಮನೆಯವರು ವೆಂಕಟರಾಯಪ್ಪನವರು. ಕೇಳಿ ಬೈಯಬೇಕೋ ನಗಬೇಕೋ ತಿಳಿಯದೆ ಕನ್ನಡಕ ಒರೆಸಿಕೊಂಡರು.

೨೪ ಫೆಬ್ರವರಿ, ಸೋಮವಾರ

ಅರ್ಪಿತ ಮೇಡಂ ಉಪಾಯ ಮಾಡಿದ್ದಾರೆ. ಮಷೀನಿನ ಲೆಕ್ಕವನ್ನು ಇಬ್ಬರಿಗೂ ಅರ್ಧರ್ಧ ಹಂಚುವುದು, ಯಾರಿಗೆ ಯಾರು ಜೋಡಿ ಅನ್ನುವುದಕ್ಕೆ ಇನ್ನೊಂದು ಕಾಲಂ ಹಾಕುವುದು. ಆದರೆ ಹೆಡ್ ಆಫೀಸಿನವರು ಅಷ್ಟಕ್ಕೆ ಬಿಡಲಿಲ್ಲ. ಜೋಡಿಯಲ್ಲಿ ಯಾರು ಏನು ಮಾಡುತ್ತಾರೆ, ಯಾರು ಹೆಚ್ಚು ಮಾಡುತ್ತಾರೆ, ಅದನ್ನು ಒಬ್ಬೊಬ್ಬರ ಹೆಸರಿನ ಮುಂದೆ ಬರೆಯಬೇಕಂತೆ.

ಮತ್ತೆ ಹಾಲಿಗೆ ಇಳಿದೆವು. ಅರ್ಪಿತ ಮೇಡಂ ಅಕ್ಕಯಮ್ಮನನ್ನು ಕೇಳಿದರು, “ನಿಮ್ಮಿಬ್ಬರಲ್ಲಿ ಯಾರಮ್ಮ ಜಾಸ್ತಿ ಕೆಲಸ ಮಾಡೋದು?”

“ಇನ್ಯಾರು, ಮುತ್ತಮ್ಮನೇ. ನಾನು ಸುಮ್ನೆ ಗಂಟು ಹಾಕ್ತೀನಿ. ಬಾಬಿನ್ ಎತ್ತೋದು ಇಳ್ಸೋದು ಎಲ್ಲಾ ಅವಳೇ.”

ಆ ಕಡೆ ಹೋಗಿ ಮುತ್ತಮ್ಮನನ್ನು ಕೇಳಿದರು. “ಅಕ್ಕಯಮ್ಮನೇ ಕಣಮ್ಮ. ಎತ್ತೋದು ಇಳ್ಸೋದು ಯಾರು ಬೇಕಾದ್ರೂ ಮಾಡ್ತಾರೆ. ಕೂದಲಿನಂಥ ಎಳೆಗೆ ಗಂಟು ಹಾಕೋಕೆ ಅವಳೇ ಆಗ್ಬೇಕು.”

ಮುಂದಿನ ಮಷೀನಿಗೆ ಹೋದರೆ ಅಲ್ಲೂ ಅದೇ. ಆಚೆಯವಳನ್ನು ಕೇಳಿದರೆ ಈಚೆಯವಳು, ಈಚೆಯವಳನ್ನು ಕೇಳಿದರೆ ಆಚೆಯವಳು. ಭಾಗ್ಯಮ್ಮ ಮತ್ತು ಅವಳ ವಾರಗಿತ್ತಿ ಮಾತ್ರ ಇಬ್ಬರೂ “ನಾನೇ” ಅಂದರು. ಅವರು ಮನೆಯಲ್ಲೂ ಮಾತು ಬಿಟ್ಟಿದ್ದಾರಂತೆ, ಸನ್ನೆಯಲ್ಲೇ ಮಷೀನು ಓಡಿಸುತ್ತಾರೆ.

ಅರ್ಪಿತ ಮೇಡಂ ತಲೆ ಕೆರೆದುಕೊಂಡು ಒಂದು ಕಾನೂನು ಮಾಡಿದರು. ಇನ್ನು ಮೇಲೆ ಯಾರನ್ನೂ ಅವರ ವಿಷಯ ಕೇಳುವುದಿಲ್ಲ. ಪ್ರತಿಯೊಬ್ಬರ ವಿಷಯವನ್ನೂ ಅವರ ಜೋಡಿಯನ್ನೇ ಕೇಳುವುದು. ಪಿಳ್ಳಣ್ಣನವರು, “ನಮ್ಮ ಹಳ್ಳೀಲಿ ಹೆಣ್ಣು ಕೇಳೋಕೆ ಹೋದ್ರೂ ಹಿಂಗೇ, ಪಕ್ಕದ ಮನೇಲಿ ವಿಚಾರಿಸೋದು” ಅಂದರು. ಊಟದ ಬೆಲ್ಲು ಹೊಡೆದಾಗ ಅಲ್ಲೇ ಇದ್ದೆವು, ಹೆಂಗಸರು ಬಿಡಲಿಲ್ಲ. ಕೆಳಗೆ ಕೂತು ಅವರ ಜೊತೆಯಲ್ಲೇ ಮುದ್ದೆ, ಅವರೆಕಾಳಿನ ಸಾರು ತಿಂದೆ. ನನ್ನ ಡಬ್ಬಿಯ ಚಿತ್ರಾನ್ನ ಹಂಚಿಹೋಯಿತು. ಏನೋ ಒಂದು ದಿನಕ್ಕೆ.

೨೭ ಫೆಬ್ರವರಿ, ಗುರುವಾರ

ಪಿಳ್ಳಣ್ಣನವರು ಬಂದಿಲ್ಲ. ಜ್ವರ. ಒಬ್ಬಳೇ ಕೂತು ನಾನೇ ಓದಿಕೊಂಡು ನಾನೇ ಹೊಡೆದೆ. ಸಂಜೆ ನೋಡಿದರೆ ಎಲ್ಲೋ ಒಂದು ಸಾಲು ಜಾರಿಹೋಗಿ, ವಾಚ್‌ಮನ್ ಬೈರಪ್ಪನಿಗೆ ದಿನಕ್ಕೆ ಎರಡು ಕೆ.ಜಿ. ರೇಷ್ಮೆ ಹುರಿ ಮಾಡುವ ಗುರಿ ಬಂದಿದೆ, ಮುತ್ತಮ್ಮನಿಗೆ ಗೇಟು ಕಾಯುವ ಗುರಿ ಬಂದಿದೆ. ಎಲ್ಲ ಅಳಿಸಿದೆ.

ಬೈರಪ್ಪನೂ ರಾಜಘಟ್ಟದವನೇ. ಅವನ ಕೈಯಲ್ಲಿ ಒಂದು ಪೊಟ್ಟಣ ಕಷಾಯದ ಪುಡಿ ಕಳಿಸಿದೆ. ಅವರು ಬೇಗ ಬಂದರೆ ನನ್ನ ಕೆಲಸ ಬೇಗ ಮುಗಿಯುತ್ತದಲ್ಲ, ಅದಕ್ಕೆ.

೨೮ ಫೆಬ್ರವರಿ, ಶುಕ್ರವಾರ

ಬಂದಿಲ್ಲ. ಆಫೀಸಿನಲ್ಲಿ ಏನೂ ಸದ್ದಿಲ್ಲ.

೩ ಮಾರ್ಚ್, ಸೋಮವಾರ

ಬಂದರು! ಸ್ವಲ್ಪ ಸೊರಗಿದ್ದಾರೆ. ಬಂದವರೇ, “ಏನ್ ಕಷಾಯನಮ್ಮ ಅದು, ನಾಲಗೆ ಸುಟ್ಟೋಯ್ತು” ಅಂದರು. ಉಪಕಾರಕ್ಕೆ ಕಾಲವಲ್ಲ. ಬಿಟ್ಟಲ್ಲಿಂದ ಶುರು ಮಾಡಿದೆವು. ಒಂದೇ ದಿನಕ್ಕೆ ಅರ್ಧಕ್ಕರ್ಧ ಮುಗಿಯಿತು. ಯಾರು ಒಳ್ಳೆಯವರು, ಯಾರಿಗೆ ಬಾಯಿ ಜಾಸ್ತಿ, ಎಲ್ಲವನ್ನೂ ಓದಿದರು. ನಾನೂ ಬೇಡ ಅನ್ನಲಿಲ್ಲ. ಹೆಸರಿನ ಜೊತೆ ಮುಖ ನೆನಪಾದರೆ ಸಾಲು ಜಾರುವುದಿಲ್ಲ.

೭ ಮಾರ್ಚ್, ಶುಕ್ರವಾರ, ಶಿವರಾತ್ರಿ

ರಜ. ಉಪವಾಸ ಅಂತ ಹೇಳಿ ಮಧ್ಯಾಹ್ನದೊಳಗೆ ನಾಲ್ಕು ತಂಬಿಟ್ಟು ತಿಂದೆ.

ನಮ್ಮನೆಯವರು, “ಹೊಸಕೋಟೆ ವಿಷ್ಯ ಏನಾಯ್ತು? ಯಾರು ಹೋಗೋದು?” ಅಂದರು. “ಅವರೇ ಹೋಗ್ತಾರೆ ಬಿಡಿ, ಟೈಪಿಂಗ್ ಬರೋದು ನಂಗೆ ತಾನೇ” ಅಂದೆ. ಆಮೇಲೆ ಪಿಳ್ಳಣ್ಣನವರು ಹೋದರೆ ಅವರ ಎಮ್ಮೆಯ ಹಾಲು ಕರೆಯುವವರು ಯಾರು ಅಂತ ಯೋಚನೆ ಹತ್ತಿತು. ಊರವರ ಎಮ್ಮೆ ಕಟ್ಟಿಕೊಂಡು ನನಗೇನಾಗಬೇಕು! ಆದರೂ ಹತ್ತಿತು. ನಾನು ಹೋಗಬೇಕಾಗಿ ಬಂದರೆ ಅಂತ ಯೋಚಿಸಿದೆ. ಮೇಘನಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಮಾಡಿಸಿದೆ. ಅವಳು ಮುಖ ಸಿಂಡರಿಸಿದಳು.

೧೦ ಮಾರ್ಚ್, ಸೋಮವಾರ

ಮಧ್ಯಾಹ್ನ ಇಂಪೋರ್ಟ್ ಒತ್ತಿದೆವು. ಪಿಳ್ಳಣ್ಣನವರು ಕೈ ಮುಗಿದುಕೊಂಡು ನಿಂತಿದ್ದರು. ಗರಗರ ಅಂದಿತು, ನಿಂತಿತು, ಎಲ್ಲ ಸರಿಯಾಗಿ ಒಳಗೆ ಹೋಯಿತು. ಒಂದೇ ಒಂದು ಸಾಲು ಪರದೆಯ ಮೇಲೆ ಉಳಿಯಿತು. ಗುರಿ ಇಲ್ಲದ ನೌಕರರು ಎರಡು ಅಂತ.

“ಯಾರಮ್ಮ ಅದು ಪಾಪಿಗಳು?” ಅಂದರು ಪಿಳ್ಳಣ್ಣನವರು. ಅರ್ಪಿತ ಮೇಡಂ ಒತ್ತಿ ನೋಡಿ ನಗತೊಡಗಿದರು. ಒಂದು ಪಿಳ್ಳಣ್ಣ, ಇನ್ನೊಂದು ಚೌಡೇಶ್ವರಿ. ವಾಚ್‌ಮನ್ನಿನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಗುರಿ ಹಾಕಿದ್ದೇವೆ, ನಮ್ಮಿಬ್ಬರನ್ನೇ ಮರೆತಿದ್ದೇವೆ!

ವೆಂಕಟರಾಯಪ್ಪನವರು ಬಂದು ನೋಡಿದರು. ಅವರು ನಗಲಿಲ್ಲ. “ಒಳ್ಳೇದೇ ಆಯ್ತು. ನಂಗೂ ತೀರ್ಮಾನ ಮಾಡೋಕೆ ಒಂದು ದಾರಿ ಬೇಕಿತ್ತು. ಅರ್ಪಿತ, ನಿನ್ನ ಕಾನೂನು ಇವರಿಗೂ ಹಾಕಮ್ಮ. ಪಿಳ್ಳಣ್ಣನ ವಿಷ್ಯ ಚೌಡೇಶ್ವರಿ ಹೇಳ್ಲಿ, ಚೌಡೇಶ್ವರಿ ವಿಷ್ಯ ಪಿಳ್ಳಣ್ಣ ಹೇಳ್ಲಿ. ಅದನ್ನ ಓದಿ ಯಾರು ಇಲ್ಲಿ, ಯಾರು ಹೊಸಕೋಟೆ ಅಂತ ಶುಕ್ರವಾರ ಬರೀತೀನಿ” ಅಂದರು.

ಮನೆಗೆ ಬರುವಾಗ ಬಸ್ಸಿನಲ್ಲಿ ಏನು ಹೇಳಬೇಕು ಅಂತ ಗಟ್ಟಿ ಮಾಡಿಕೊಂಡೆ. ಪಿಳ್ಳಣ್ಣನವರು ಓದುತ್ತಾರೆ. ಅಷ್ಟೇ. ಸುಳ್ಳೇನೂ ಅಲ್ಲವಲ್ಲ? ಓದುವುದಕ್ಕೆ ಯಾರಾದರೂ ಆಗುತ್ತದೆ.

೧೧ ಮಾರ್ಚ್, ಮಂಗಳವಾರ

ಇವತ್ತಿನದನ್ನು ಬಿಡಿಸಿ ಬರೆಯಬೇಕು.

ಮೊದಲು ನನ್ನ ಸರದಿ. ಪಿಳ್ಳಣ್ಣನವರನ್ನು ಹೊರಗೆ ಕಳಿಸಿ ಅರ್ಪಿತ ಮೇಡಂ ಕೇಳಿದರು, “ಅವರ ಕೆಲಸ ಏನು ಮೇಡಂ?” “ಓದ್ತಾರೆ” ಅಂದೆ. ಅಷ್ಟಕ್ಕೇ ನಿಲ್ಲಬೇಕಾಗಿತ್ತು. “ಅಂದ್ರೆ ಸುಮ್ನೆ ಓದೋದಲ್ಲ” ಅಂತ ಬಾಯಿಗೆ ಬಂತು. ಆಮೇಲೆ ಬಾಯಿ ನಿಲ್ಲಲೇ ಇಲ್ಲ. ಕರೆಂಟ್ ಹೋದಾಗಲೆಲ್ಲ ನಾನು ಎದ್ದು ಹೋಗಿ ನೀರು ಕುಡಿದು ಬರುತ್ತೇನೆ. ಅವರು ನಿಂತ ಸಾಲಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತಿರುತ್ತಾರೆ, ಕರೆಂಟ್ ಬರುವವರೆಗೆ ಬೆರಳು ಎತ್ತುವುದಿಲ್ಲ, ಒಂದು ಸಲ ಸೊಳ್ಳೆ ಕಚ್ಚಿದರೂ ಎತ್ತಲಿಲ್ಲ. ನನಗೆ ಬೆನ್ನು ನೋಯುತ್ತಿದೆ ಅಂತ ನಾನು ಹೇಳುವ ಮುಂಚೆ ಅವರಿಗೆ ಗೊತ್ತಾಗುತ್ತದೆ. ಆಗ ನಸ್ಯದ ನೆಪ ಮಾಡಿ ಓದುವುದನ್ನು ನಿಲ್ಲಿಸುತ್ತಾರೆ. ಅವರಿಲ್ಲದ ದಿನ ನಾನು ವಾಚ್‌ಮನ್ ಕೈಯಲ್ಲಿ ರೇಷ್ಮೆ ಹುರಿ ಮಾಡಿಸಿದೆ. ಅರ್ಪಿತ ಮೇಡಂ, “ಸಾಕು ಮೇಡಂ, ಕಾಲಂನಲ್ಲಿ ಅಷ್ಟು ಜಾಗ ಇಲ್ಲ” ಅಂದರು.

ಆಮೇಲೆ ಅವರ ಸರದಿ. ಇಲ್ಲಿ ಒಂದು ತಮಾಷೆ ಆಯಿತು. ಅರ್ಪಿತ ಮೇಡಂಗೆ ಹೆಡ್ ಆಫೀಸಿನಿಂದ ಫೋನ್ ಬಂತು, ಮ್ಯಾನೇಜರ್ ಕ್ಯಾಬಿನ್ನಿಗೆ ಓಡಿದರು. ನನ್ನನ್ನು ಬಿಟ್ಟರೆ ಹೊಡೆಯುವವರು ಇನ್ಯಾರಿದ್ದಾರೆ? ನನ್ನ ವಿಷಯವನ್ನು ಪಿಳ್ಳಣ್ಣನವರು ನನಗೇ ಹೇಳಿ, ನಾನೇ ಟೈಪ್ ಮಾಡಬೇಕಾಯಿತು.

“ಹೊಡಿಯಮ್ಮ. ಚೌಡೇಶ್ವರಿ ಕೈ ನೋಡ್ದೆ ಹೊಡೀತಾಳೆ. ಬಾಯಿ ಖಾರ, ಕೈ ಅಚ್ಚುಕಟ್ಟು.”

“ಖಾರ ಹೊಡೆಯಲ್ಲ ನಾನು.”

“ಬೇಡ ಬಿಡು. ಹುರಿ ಹಾಲಿನೋರು ಮೊದ್ಲು ಈಯಮ್ಮನ್ನ ಕಂಡ್ರೆ ಹೆದರ್ತಿದ್ರು, ಈಗ ಮುದ್ದೆ ಇಕ್ತಾರೆ. ಲೆಕ್ಕದಲ್ಲಿದ್ದ ತಪ್ಪು ಕಂಡುಹಿಡಿದಿದ್ದು ಈಯಮ್ಮನೇ. ಕಂಡುಹಿಡಿದ ಮೇಲೆ ನನ್ನ ಮೇಲೆ ಹಾಕಬಹುದಾಗಿತ್ತು, ಹಾಕಲಿಲ್ಲ. ಹೊಡೆದ್ಯಾ?”

“ಹೊಡೀತಿದೀನಿ. ಇದು ಮೇಲಕ್ಕೆ ಹೋಗೋ ಕಾಗದ ಪಿಳ್ಳಣ್ಣನೋರೇ, ನೆಟ್ಟಗೆ ಹೇಳಿ.”

“ನೆಟ್ಟಗೇ ಹೇಳ್ತಿದೀನಿ. ಕೊನೇದು ಹಾಕು. ಈ ಕೆಲಸಕ್ಕೆ ಒಬ್ರು ಸಾಕು. ಚೌಡೇಶ್ವರಿ ಒಬ್ಳೇ ಸಾಕು.”

ನನ್ನ ಕೈ ನಿಂತುಹೋಯಿತು.

“ಯಾಕಮ್ಮ ನಿಂತೆ? ಕರೆಂಟ್ ಹೋಯ್ತಾ?”

“ಇಲ್ಲ” ಅಂದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆ. ಈ ಮನುಷ್ಯ ತನ್ನ ಬಾಯಿಂದಲೇ ತನ್ನನ್ನು ಹೊಸಕೋಟೆಗೆ ಕಳಿಸಿಕೊಳ್ಳುತ್ತಿದ್ದಾರೆ, ಅದೂ ನನ್ನ ಕೈಯಿಂದ ಬರೆಸಿ. ಇಷ್ಟು ವರ್ಷದ ಕೆಲಸದಲ್ಲಿ ನಾನು, ಹೇಳಿದವರು ಹೇಳಿದ್ದಕ್ಕಿಂತ ಒಂದು ಅಕ್ಷರ ಬೇರೆ ಹೊಡೆದವಳಲ್ಲ. ತಪ್ಪು ಅಂತ ಗೊತ್ತಿದ್ದರೂ ಹೇಳಿದ್ದನ್ನೇ ಹೊಡೆದಿದ್ದೇನೆ. ಇವತ್ತು ಹೊಡೆಯಲಿಲ್ಲ. ಈ ಕೆಲಸಕ್ಕೆ ಇಬ್ಬರು ಬೇಕು, ಒಬ್ಬರಿಂದ ಆಗುವುದಿಲ್ಲ ಅಂತ ನನ್ನ ಇಂಗ್ಲಿಷಿನಲ್ಲಿ ಹೊಡೆದೆ.

“ಆಯ್ತಾ? ಓದು ನೋಡೋಣ.”

“ನೀವು ಹೇಳಿದ್ದೇ ಇದೆ, ಅದರಲ್ಲಿ ಓದೋದೇನು?” ಅಂತ ಗದರಿಸಿ ಇಂಪೋರ್ಟ್ ಒತ್ತಿಬಿಟ್ಟೆ. ನುಂಗಿತು.

೧೩ ಮಾರ್ಚ್, ಗುರುವಾರ

ಮ್ಯಾನೇಜರ್ ಓದಿ ಪಿಳ್ಳಣ್ಣನವರನ್ನು ಕೇಳಿದರೆ? ಅವರು ನಿಜದ ಮನುಷ್ಯ, ನಾನಲ್ಲ ಸಾರ್ ಅಂದುಬಿಡುತ್ತಾರೆ. ಆಗ ನಾನು ಸುಳ್ಳು ಹೊಡೆದವಳು. ಹೊಸಕೋಟೆಯೂ ಸಿಗುವುದಿಲ್ಲ, ಮನೆಯೇ ಗತಿ.

ಹೇಳಿಬಿಡೋಣ ಅಂತ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ, “ಏನಮ್ಮ?” ಅಂದರು. “ಏನಿಲ್ಲ, ನಸ್ಯ ಕಡಿಮೆ ಮಾಡಿ” ಅಂದೆ.

೧೪ ಮಾರ್ಚ್, ಶುಕ್ರವಾರ

ಹತ್ತು ಗಂಟೆಗೆ ಇಬ್ಬರನ್ನೂ ಕರೆದರು. ಟೇಬಲ್ಲಿನ ಮೇಲೆ ಪ್ರಿಂಟು ಬಿಚ್ಚಿಟ್ಟುಕೊಂಡಿದ್ದರು. ಪಕ್ಕದಲ್ಲಿ ಹೊಸಕೋಟೆಯ ವರ್ಗಾವಣೆ ಕಾಗದ. ಹೆಸರಿನ ಜಾಗ ಖಾಲಿ, ಸಹಿ ಆಗಿತ್ತು.

“ಚೌಡೇಶ್ವರಿ ನಿನ್ನ ಬಗ್ಗೆ ಒಂದು ಪುರಾಣ ಹೇಳವ್ಳೆ ಪಿಳ್ಳಣ್ಣ. ಅದು ಇರ್ಲಿ. ಈಯಮ್ಮನ ಬಗ್ಗೆ ನೀನು ಹೇಳಿರೋದರಲ್ಲಿ ಕೊನೇ ಮಾತು ನೋಡು. ಈ ಕೆಲಸಕ್ಕೆ ಇಬ್ಬರು ಬೇಕು, ಒಬ್ಬರಿಂದ ಆಗಲ್ಲ ಅಂತ ಇದೆ. ನಿಂಗೆ ಸರ್ವೀಸ್ ಜಾಸ್ತಿ, ಹೆಚ್ಚು ಕಡಿಮೆ ಮಾತಾಡೋನಲ್ಲ. ನೀನು ಹೀಗೆ ಹೇಳಿದ್ದೇ ನಿಜ ಆದ್ರೆ ಹೆಡ್ ಆಫೀಸಿಗೆ ಬರೆದು ಇನ್ನೊಂದು ಕುರ್ಚಿ ಕೇಳ್ತೀನಿ. ಹೊಸಕೋಟೆಗೆ ಅಲ್ಲಿಯವರನ್ನೇ ಯಾರನ್ನಾದ್ರೂ ನೋಡ್ಕೋತಾರೆ. ಇಲ್ಲಾ ಅಂದ್ರೆ ಇಲ್ಲೇ ಒಂದು ಹೆಸರು ಬರೀತೀನಿ. ಹೇಳಪ್ಪ, ಇದು ನೀನು ಹೇಳಿದ್ದಾ?”

ಪಿಳ್ಳಣ್ಣನವರು ಪ್ರಿಂಟನ್ನು ಕೈಗೆ ತೆಗೆದುಕೊಂಡು, ಇಂಗ್ಲಿಷ್ ಅಕ್ಷರದ ಕೆಳಗೆ ಬೆರಳಿಟ್ಟು ನಿಧಾನವಾಗಿ ಒಂದೊಂದೇ ಪದ ಕೂಡಿಸಿಕೊಂಡರು. ಕೊನೆಯ ಸಾಲಿಗೆ ಬೆರಳು ನಿಂತಿತು. ನನ್ನ ಕಡೆ ನೋಡಲಿಲ್ಲ.

“ಹೂಂ ಸಾರ್” ಅಂದರು. “ನಾನೇ ಹೇಳಿದ್ದು.”

“ನಿಜಾ?”

“ನಾನು ಹೇಳ್ದೆ ಆಯಮ್ಮ ಒಂದು ಅಕ್ಷರ ಹೊಡೆಯಲ್ಲ ಸಾರ್.”

ಮ್ಯಾನೇಜರ್ ವರ್ಗಾವಣೆ ಕಾಗದವನ್ನು ಎರಡು ಚೂರು ಮಾಡಿ ಬುಟ್ಟಿಗೆ ಹಾಕಿದರು. ಒಬ್ಬರ ತಡವನ್ನೂ ಮುಚ್ಚಿಡದ ಮನುಷ್ಯ, ಮ್ಯಾನೇಜರ ಮುಖ ನೋಡಿಕೊಂಡು ಸುಳ್ಳು ಹೇಳಿದರು. ನನ್ನ ಮೇಲೆ ತಪ್ಪು ಬರಬಾರದು ಅಂತ ಹೇಳಿದರು. ಹೊರಗೆ ಬಂದ ಮೇಲೆ ಏನಾದರೂ ಹೇಳಬೇಕಲ್ಲ ಅಂತ, “ಪಿಳ್ಳಣ್ಣನೋರೇ” ಅಂದೆ.

ಅವರು ಆಗಲೇ ಸ್ಟೂಲಿನ ಮೇಲೆ ಕೂತು ಹಾಜರಿ ಪುಸ್ತಕ ಬಿಡಿಸಿದ್ದರು. “ಕೂತ್ಕೊಳಮ್ಮ, ಹಾಜರೀದು ಇನ್ನೂ ಮುಟ್ಟೇ ಇಲ್ಲ. ಎಲ್ಲಿಂದ ಓದ್ಲಿ?” ಅಂದರು.

“ಮೊದಲಿನಿಂದ ಓದಿ” ಅಂದೆ.